ದಸರಾಕ್ಕೆ ಥೆರಪಿಸ್ಟ್ ಮೂರು ವಾರ ರಜೆ, ಮೊದಲೇ ಏನೇನು ಮಾಡ್ಕೋಬೇಕು?

ಬುಧವಾರ ಐದೂವರೆ:
ವಾರಕ್ಕೊಂದು ಸೆಷನ್. ದಸರಾಕ್ಕೆ ಮೇಡಂ ಮೂರು ವಾರ ಮೈಸೂರಲ್ಲಿ ಇರಲ್ಲ. ಇನ್ನು ಎರಡೇ ಸೆಷನ್ ಬಾಕಿ. ಮಧ್ಯೆ ವಾಟ್ಸಾಪ್ ಮಾಡಬಹುದಾ ಅಂತ ಕೇಳೋಕೂ ಸಂಕೋಚ. ಈ ಎರಡರಲ್ಲಿ ಏನು ಮಾತಾಡಿಕೊಳ್ಳಬೇಕು?

ಕಾರಂಜಿಕೆರೆ:
ಸಂಕೋಚ ಬೇಡ, ಕೇಳಿಬಿಡಿ. ವಾಪಸ್ ಬರೋ ತಾರೀಕು, ಮೆಸೇಜ್ ಹಾಕಿದ್ರೆ ಎಷ್ಟು ದಿನಕ್ಕೆ ಉತ್ತರ, ಅವರ ಬದಲು ಯಾರನ್ನ ನೋಡಬಹುದು, ಇಷ್ಟು ಬರೆದುಕೊಳ್ಳಿ. 'ಹಬ್ಬ ಮುಗಿದ್ಮೇಲೆ ಫೋನ್ ಮಾಡಿ' ಅಂದ್ರೆ ಒಪ್ಪಬೇಡಿ, ಮುಂದಿನ ಸೆಷನ್‌ನ ದಿನ, ಹೊತ್ತು ಈಗಲೇ ಗೊತ್ತು ಮಾಡಿಕೊಳ್ಳಿ.

ಕೊನೇ ಸೆಷನ್‌ನ ಕಡೇ ಹತ್ತು ನಿಮಿಷದಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಮುಚ್ಚಿಟ್ಟಿದ್ದನ್ನ ಬಿಚ್ತಾರೆ. ಅದನ್ನ ಕಟ್ಟಿಡೋಕೆ ಮುಂದಿನ ವಾರವೇ ಇರಲ್ಲ. ಹೇಳೋದಿದ್ರೆ ಈ ಬುಧವಾರವೇ ಹೇಳಿ. ರಜೆ ಹಾಕಿದ್ದಕ್ಕೆ ಅವರ ಮೇಲೆ ಸಿಟ್ಟಿದ್ರೆ ಅದನ್ನೂ ಹೇಳಿ, ಅದು ಮರ್ಯಾದೆಗೇಡಲ್ಲ.

ಅವರ ಜೊತೆ ಕೂತು ಅರ್ಧ ಹಾಳೆ ಬರೀರಿ: ಹದಗೆಡೋ ಮೊದಲ ಗುರುತು (ಎರಡು ರಾತ್ರಿ ನಿದ್ದೆ ಇಲ್ಲ, ಊಟ ಬಿಡೋದು, ಯಾರ ಫೋನೂ ಎತ್ತದೇ ಇರೋದು), ಆಗ ಮಾಡಬೇಕಾದ್ದು, ಕರೆಯಬಹುದಾದ ಇಬ್ಬರ ನಂಬರ್. ಕೆಳಗೆ ಟೆಲಿಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಪ್ರತಿ ಸಲ ಅದೇ ವ್ಯಕ್ತಿ ಸಿಗ್ತಾರೆ ಅಂತಿಲ್ಲ, ಹಾಗಾಗಿ ನಿಮ್ಮ ವಿಷಯ ಎರಡು ಸಾಲಲ್ಲಿ ಬರೆದಿಟ್ಟುಕೊಳ್ಳಿ. ಜೀವಕ್ಕೇ ಅಪಾಯ ಅನ್ನಿಸಿದ್ರೆ 112, ಇಲ್ಲಾ ನೇರ ಆಸ್ಪತ್ರೆಯ ಎಮರ್ಜೆನ್ಸಿ.

ಮಾತ್ರೆ ಚೀಟಿ:
ಮಾತ್ರೆ ತಗೋತಿದ್ರೆ ಈಗಲೇ ಎಣಿಸಿ. ಚೀಟಿ ಬರೆಯೋ ಸೈಕಿಯಾಟ್ರಿಸ್ಟ್ ಕೂಡ ಅದೇ ವಾರ ಊರಲ್ಲಿ ಇಲ್ಲದೇ ಹೋಗಬಹುದು. 21 ದಿನಕ್ಕೆ ಇನ್ನೊಂದು ವಾರ ಸೇರಿಸಿ: ದಿನಕ್ಕೊಂದಾದ್ರೆ 28, ಅಂದ್ರೆ ಹತ್ತರ ಮೂರು ಸ್ಟ್ರಿಪ್. ಖಿನ್ನತೆ, ಆತಂಕಕ್ಕೆ ಕೊಡೋ ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಥರದ ಮಾತ್ರೆ ಥಟ್ಟನೆ ನಿಂತ್ರೆ ಕೆಲವೇ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ನಿದ್ದೆಗೇಡು. ಜನ ಅದನ್ನ 'ಕಾಯಿಲೆ ತಿರುಗಿ ಬಂತು' ಅಂತ ಹೆದರ್ತಾರೆ. ಇನ್ನೊಂದು, ಜಂಬೂಸವಾರಿ ಹೋಗೋದು ಸಯ್ಯಾಜಿರಾವ್ ರಸ್ತೇಲಿ. ಆವತ್ತು ಕೆ.ಆರ್. ಆಸ್ಪತ್ರೆ ಕಡೆ ಹೋಗಿ ಚೀಟಿ ಬರೆಸ್ಕೋತೀನಿ ಅನ್ನೋ ಯೋಚನೆ ಬಿಡಿ.

ಬುಧವಾರ ಐದೂವರೆ:
ಮಾತ್ರೆ ಲೆಕ್ಕ ಹೊಳೆದೇ ಇರಲಿಲ್ಲ. ಆ ಮೂರು ಬುಧವಾರ ಆ ಹೊತ್ತಿಗೆ ಏನು ಮಾಡ್ಲಿ?

ಏರಿಮೇಲೆ:
ಅದೇ ಹೊತ್ತಿಗೆ ನೋಟ್‌ಬುಕ್ ಹಿಡಿದು ಕೂರಿ. 20 ನಿಮಿಷಕ್ಕೆ ಅಲಾರಂ. ಈ ವಾರ ಏನಾಯ್ತು, ಮೈಯಲ್ಲಿ ಎಲ್ಲಿ ಗೊತ್ತಾಯ್ತು, ಮೇಡಂ ಇದ್ದಿದ್ರೆ ಏನು ಕೇಳ್ತಿದ್ರು, ಇಷ್ಟೇ. ಅಲಾರಂ ಹೊಡೆದ್ರೆ ಮುಚ್ಚಿಬಿಡಿ, ಇಲ್ಲಾಂದ್ರೆ ಒಂದೇ ಕೊರಗು ಹತ್ತು ಪುಟ ಆಗುತ್ತೆ. ಆಮೇಲೆ ಕುಕ್ಕರಹಳ್ಳಿ ಕೆರೆ ಕಡೆ ನಡೀರಿ. ಬರೆದದ್ದನ್ನ ಫೋಟೋ ತೆಗೆದು ಅವರಿಗೆ ಕಳಿಸಬೇಡಿ; ನೀಲಿ ಟಿಕ್ ಕಾಯ್ತಾ ಕೂರೋದೇ ಹೊಸ ಸಂಕಟ.

ಮೂರನೇ ವಾರ 'ಚೆನ್ನಾಗೇ ಇದ್ದೀನಲ್ಲ, ಇನ್ನು ಬೇಡ' ಅನ್ನಿಸಿ ರಜೆ ಮುಗಿದ ಮೇಲಿನ ಮೊದಲ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡೋರು ಬಹಳ. ನಿಲ್ಲಿಸೋದಾದ್ರೂ ಎದುರು ಕೂತು ಮಾತಾಡಿ ನಿಲ್ಲಿಸಿ. ಆ ಸೆಷನ್‌ನಲ್ಲಿ ನೋಟ್‌ಬುಕ್ ಪೂರ್ತಿ ಓದೋಕೆ ಹೋಗಬೇಡಿ, ಸೆಷನ್ ಹೊತ್ತೆಲ್ಲ ಅದರಲ್ಲೇ ಮುಗಿಯುತ್ತೆ. ಎರಡು ಸಾಲಿಗೆ ಗೆರೆ ಎಳೆದು ತಗೊಂಡು ಹೋಗಿ.