ಬ್ರಿಸಲ್‌ಕೋನ್ ಮರ ನೋಡಲು ವೀಕೆಂಡ್ ಕ್ಯಾಂಪಿಂಗ್: ಹೋಗಿ ಬಂದವರು ಹೇಳಿ

ಪ್ರಶ್ನೆ: ಸನಿವೇಲ್‌ನಿಂದ ಐದು ಜನ ಗೆಳೆಯರು ಸಾವಿರಾರು ವರ್ಷ ಬದುಕುವ ಬ್ರಿಸಲ್‌ಕೋನ್ ಪೈನ್ ಮರ ನೋಡಲು ಜೂನ್ ಕೊನೆಗೆ ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ಗೆ ಹೊರಟಿದ್ದೇವೆ. ಗ್ರ್ಯಾಂಡ್‌ವ್ಯೂ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್. ಒಬ್ಬನಿಗೆ ಸ್ವಲ್ಪ ಉಬ್ಬಸ ಇದೆ. ಎರಡು ರಾತ್ರಿ ಸಾಕಾ?

ಹಾಸನದವನು: ಪೇಟ್ರಿಯಾರ್ಕ್ ಗ್ರೋವ್ ಅನ್ನೋ ಬ್ರಿಸಲ್‌ಕೋನ್ ತೋಪಿಗೆ ಮಾಮೂಲಿ ಕಾರಲ್ಲಿ ಹೋಗಲೇಬೇಡಿ. ಶುಲ್ಮನ್ ಗ್ರೋವ್ ದಾಟಿದರೆ 12 ಮೈಲಿ ಮಣ್ಣುರಸ್ತೆ, ಪೂರ್ತಿ ಚೂಪುಕಲ್ಲು. ಒಂಬತ್ತನೇ ಮೈಲಿಯಲ್ಲಿ ಹಿಂದಿನ ಬಲಗಡೆ ಟೈರು ಪಕ್ಕದಲ್ಲೇ ಸೀಳಿತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ, ಗಾಳಿ ತುಂಬುವ ಕಿಟ್ ಅಷ್ಟೇ. ಫೋನ್‌ಗೆ ಸಿಗ್ನಲ್ ಇಲ್ಲ. ಕಾರು ಎಳೆಸಲು 685 ಡಾಲರ್. ಭಾನುವಾರ ಅಂಗಡಿ ಮುಚ್ಚಿತ್ತು, ಬಿಷಪ್‌ನಲ್ಲಿ ಮೋಟೆಲ್‌ಗೆ 168. ಸೋಮವಾರ ಟೈರಿಗೆ 214. ಒಟ್ಟು 1,067. ರಸೀದಿಗಳು ಇನ್ನೂ ನನ್ನ ಹತ್ತಿರ ಇವೆ.

ಸಾಗರದ ಅಕ್ಕ: ನಾವು ಅದೇ ರಸ್ತೆಯಲ್ಲಿ ಸಣ್ಣ ಕಾರಲ್ಲೇ ಹೋಗಿ ಬಂದೆವು, 15 ಮೈಲಿ ವೇಗ ದಾಟಲಿಲ್ಲ. ಸ್ಟೆಪ್ನಿ ನೋಡದೆ ಹೊರಟಿದ್ದು ನಿಮ್ಮ ತಪ್ಪು ತಮ್ಮಾ, ರಸ್ತೆಯನ್ನು ಯಾಕೆ ಬೈತೀರಿ? ನಮಗೆ ಕಾಡಿದ್ದು ಎತ್ತರ. ಮೊದಲ ಸಲ ಟಯೋಗಾ ಪಾಸ್ ಘಾಟಿ ಹತ್ತಿಳಿದು ಸೀದಾ ಗ್ರ್ಯಾಂಡ್‌ವ್ಯೂಗೆ ಹೋದೆವು. ಅದೇ 8,600 ಅಡಿ. ಯಜಮಾನರು ರಾತ್ರಿಯೆಲ್ಲ ವಾಂತಿ ಮಾಡಿಕೊಂಡರು. ಬಾಯಿ ತೊಳೆಯಲು ಅಲ್ಲಿ ನಲ್ಲಿ ಇಲ್ಲ, ತಂದ ನೀರು ಬೆಳಗ್ಗೆಗೇ ಖಾಲಿ. ಮರ ನೋಡದೆ ವಾಪಸ್. ಮರುವರ್ಷ ಮೊದಲ ರಾತ್ರಿ ಕೆಳಗೆ ಬಿಗ್ ಪೈನ್ ಅನ್ನೋ ಊರಲ್ಲೇ ಮಲಗಿದೆವು. ಆಮೇಲೆ ಮೆಥೂಸೆಲಾ ಟ್ರೇಲ್ (ಮೆಥೂಸೆಲಾ ಅನ್ನೋ ಅತಿ ಹಳೇ ಮರ ಇರುವ ಕಾಲುದಾರಿ), ನಾಲ್ಕೂವರೆ ಮೈಲಿಗೆ ನಾಲ್ಕು ಗಂಟೆ. ಬಿಳಿ ಮಣ್ಣಿನಲ್ಲಿ ತಿರುಚಿಕೊಂಡು ನಿಂತ ಒಂದು ಮರದಲ್ಲಿ ತೊಗಟೆ ಉಳಿದಿದ್ದು ಅಂಗೈ ಅಗಲ. ಮಿಕ್ಕಿದ್ದೆಲ್ಲ ಬೋಳು, ಹಳೇ ಮನೆಯ ಹೊಸ್ತಿಲಿನಷ್ಟು ನುಣುಪು. ಆ ಒಂದು ಪಟ್ಟಿಯ ಮೇಲಿನ ಕೊಂಬೆಯಲ್ಲಿ ಹಸಿರು ಕಾಯಿ ಅಂಟಂಟಾಗಿತ್ತು. ನಾನು ಅಲ್ಲೇ ಕೂತು ಅತ್ತೆ.

ದಾವಣಗೆರೆ ಗೆಳೆಯ: ನಾವೂ ಹೋಗಿದ್ವಿ. ಕೆಳಗೆ ಬಿದ್ದಿದ್ದ ಗೇಣುದ್ದದ ಒಣ ತುಂಡು ತಂದು ಶೋಕೇಸ್‌ನಲ್ಲಿ ಇಟ್ಟಿದ್ದೇನೆ. ಸಖತ್ತಾಗಿದೆ.

ಹಾಸನದವನು: ತರಬಾರದು ಅಂತ ಬೋರ್ಡ್ ಇದೆ, ಓದಲಿಲ್ವಾ? ಬಿದ್ದ ಮರದ ಉಂಗುರಗಳನ್ನು ಬದುಕಿರುವ ಮರದ ಉಂಗುರಗಳ ಜೊತೆ ಹೊಂದಿಸಿಯೇ 8,000 ವರ್ಷಕ್ಕೂ ಹಿಂದಿನವರೆಗೆ ವರ್ಷವರ್ಷದ ಲೆಕ್ಕ ಹಾಕಿದ್ದು. ನಿಮ್ಮ ಶೋಕೇಸ್‌ನಲ್ಲಿ ಇರೋದು ಆ ಲೆಕ್ಕದ ಒಂದು ಹಾಳೆ. ಮೆಥೂಸೆಲಾ ಯಾವುದು ಅಂತ ಗುರುತು ಹಾಕದೇ ಇರುವುದು ಇಂಥವರಿಂದಲೇ.

ದಾವಣಗೆರೆ ಗೆಳೆಯ: ಒಂದು ತುಂಡಿಗೆ ಇಷ್ಟು ಮಾತಾ? 1964ರಲ್ಲಿ ನೆವಾಡಾದಲ್ಲಿ ಪ್ರೊಮೀಥಿಯಸ್ ಅನ್ನೋ ಹಳೇ ಬ್ರಿಸಲ್‌ಕೋನ್ ಮರವನ್ನೇ ಕಡಿದವನು ಸಂಶೋಧಕ, ಅದೂ ಅನುಮತಿ ತಗೊಂಡು. ಅವನನ್ನು ಕೇಳಿ.

ಸಾಗರದ ಅಕ್ಕ: ಅವನು ಕಡಿದ ಅಂತ ನೀವು ಎತ್ತಿಕೊಂಡು ಬರೋದಾ?

ಹಾವೇರಿಯವನು: ಅಷ್ಟು ದೂರ ಹೋಗ್ತೀರಿ, ನಮ್ಮ ಸವಣೂರಿನ ದೊಡ್ಡ ಹುಣಸೆಮರ ಎಷ್ಟು ಜನ ನೋಡಿದ್ದೀರಿ? ಮೂರು ಇದ್ದವು. 2023ರ ಮಳೆಗಾಲದಲ್ಲಿ ಒಂದು ಬಿತ್ತು, ಎತ್ತಿ ಮತ್ತೆ ನೆಟ್ಟರು.

ಹಾಸನದವನು: ಅದು ಹುಣಸೆ ಅಲ್ಲ, ಆಫ್ರಿಕಾ ಮೂಲದ ಬಾವೊಬಾಬ್ ಮರ.

ಹಾವೇರಿಯವನು: ನಮ್ಮಜ್ಜ ಹೇಳಿದ್ದು ಹುಣಸೆ ಅಂತಲೇ. ನಾನೂ ಹಾಗೇ ಅನ್ನೋದು.