ಗರ್ಭಿಣಿಯಾಗಿದ್ದಾಗ ಸೇದಿದ ಸಿಗರೇಟು ಮಗುವಿನ ಬೆಳವಣಿಗೆಯಲ್ಲಿ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ? ಅನುಭವ ಇದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ

ನನ್ನ ಮಗಳಿಗೆ ಮೂರು ವರ್ಷ ತುಂಬಿ ಎರಡು ತಿಂಗಳಾಗಿದೆ. ಅವಳು ಹೊಟ್ಟೆಯಲ್ಲಿದ್ದಾಗ ನಾನು ದಿನಕ್ಕೆ ಏಳೆಂಟು ಸಿಗರೇಟು ಸೇದುತ್ತಿದ್ದೆ. ಐದನೆಯ ತಿಂಗಳ ಹೊತ್ತಿಗೆ ಎರಡು ಮೂರಕ್ಕೆ ಇಳಿಸಿದೆನಾದರೂ ಪೂರ್ತಿ ಬಿಟ್ಟದ್ದು ಹೆರಿಗೆಗೆ ಕೆಲವೇ ವಾರಗಳ ಮುಂಚೆ. ಹುಟ್ಟಿದಾಗ ಅವಳ ತೂಕ 2.4 ಕಿಲೊ ಇತ್ತು. ಈಗ ತೂಕವೂ ಎತ್ತರವೂ ವಯಸ್ಸಿಗೆ ತಕ್ಕಂತಿವೆ, ಆದರೆ ಎರಡು ಪದ ಕೂಡಿಸಿ ಮಾತಾಡಲು ಈಚೆಗಷ್ಟೇ ಶುರುಮಾಡಿದ್ದಾಳೆ. ಶೀತವಾದಾಗಲೆಲ್ಲ ಎದೆಯಿಂದ ಸುಯ್‌ಸುಯ್ ಎಂಬ ಸದ್ದು ಬರುತ್ತದೆ. ಗರ್ಭಿಣಿಯಾಗಿದ್ದಾಗ ವೈದ್ಯರು ಸಿಗರೇಟಿನ ಬಗ್ಗೆ ಕೇಳಿದಾಗ ಇಲ್ಲವೆಂದಿದ್ದೆ, ಆಮೇಲೆ ಯಾರ ಬಳಿಯೂ ಬಾಯಿಬಿಟ್ಟಿಲ್ಲ. ಮುಂದೆ ಏನೇನು ನಿರೀಕ್ಷಿಸಬೇಕು, ಇಷ್ಟು ತಡವಾಗಿ ಹೇಳಿದರೆ ಪ್ರಯೋಜನವಿದೆಯೇ ಎಂಬುದನ್ನು ಇಂಥದ್ದನ್ನು ಹಾದು ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಹದಿಮೂರು ವರ್ಷದ ಹುಡುಗನ ತಾಯಿ

ನಿಮ್ಮ ಬರಹ ಓದುವಾಗ ಹತ್ತು ವರ್ಷದ ಹಿಂದಿನ ನನ್ನನ್ನೇ ನೋಡಿದಂತಾಯಿತು. ನನ್ನ ಮಗನಿಗೂ ಮಾತು ತಡ. ಮೂರೂವರೆ ವರ್ಷವಾದರೂ ಅವನ ಮಾತು ನನ್ನೊಬ್ಬಳಿಗೇ ಅರ್ಥವಾಗುತ್ತಿತ್ತು. ನಾನು ಒಂಬತ್ತು ತಿಂಗಳೂ ಸೇದಿದವಳು. ಆದ್ದರಿಂದ ಕಾರಣ ಏನೆಂದು ಯಾರನ್ನೂ ಕೇಳುವ ಅಗತ್ಯವೇ ನನಗೆ ಕಂಡಿರಲಿಲ್ಲ. ತಪ್ಪು ನನ್ನದು, ಆದದ್ದು ಆಗಿಹೋಗಿದೆ, ಇನ್ನು ಪರೀಕ್ಷೆ ಮಾಡಿಸಿ ಏನು ಬರುತ್ತದೆ ಎಂದುಕೊಂಡು ಒಂದೂವರೆ ವರ್ಷ ಕಳೆದೆ. ಪಶ್ಚಾತ್ತಾಪಪಟ್ಟರೆ ಕರ್ತವ್ಯ ಮುಗಿಯಿತೆಂಬ ಭಾವನೆ ನನಗಿತ್ತು ಎಂದು ಈಗ ಅನಿಸುತ್ತದೆ.

ಕೊನೆಗೆ ಅವನ ಶಾಲೆಯವರ ಒತ್ತಾಯಕ್ಕೆ ಶ್ರವಣ ಪರೀಕ್ಷೆಗೆ ಕರೆದುಕೊಂಡು ಹೋದೆ. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದ ಕೂಡಲೇ ಒಂದು ಬಣ್ಣದ ಬಳೆಯನ್ನು ಗೂಟಕ್ಕೆ ಹಾಕಬೇಕೆಂದು ಅವನಿಗೆ ಆಟದಂತೆ ಕಲಿಸಿದರು. ನಾನು ಗಾಜಿನ ಈಚೆ, ಯಂತ್ರ ನಡೆಸುವವರ ಪಕ್ಕದಲ್ಲಿ ಕುಳಿತಿದ್ದೆ. ಸದ್ದು ಹೊರಟಾಗಲೆಲ್ಲ ಯಂತ್ರದ ಮೇಲೆ ಸಣ್ಣ ದೀಪ ಹೊತ್ತಿಕೊಳ್ಳುತ್ತಿತ್ತು. ದೀಪ ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಅವನು ಹಳದಿ ಬಳೆಯನ್ನು ಕೆನ್ನೆಗೆ ಒತ್ತಿಕೊಂಡು, ಬಹಳ ಶ್ರದ್ಧೆಯಿಂದ, ಕಾಯುತ್ತಲೇ ಕುಳಿತಿದ್ದ. ಕಿವಿಯ ತಮಟೆಯ ಹಿಂದೆ ಎರಡೂ ಕಡೆ ಅಂಟಾದ ದ್ರವ ತುಂಬಿಕೊಂಡಿತ್ತು. ತಮಟೆಯಲ್ಲಿ ಪುಟ್ಟ ಕೊಳವೆ ಕೂರಿಸಿದ ಮೇಲೆ, ವಾಕ್ ಚಿಕಿತ್ಸೆಯ ಜೊತೆಗೆ, ಒಂದು ವರ್ಷದಲ್ಲಿ ಮಾತು ಬಹುಮಟ್ಟಿಗೆ ತಿಳಿಯಾಯಿತು.

ಇದರಿಂದ ನಾನು ನಿರಪರಾಧಿಯಾದೆನೆಂದು ಹೇಳುತ್ತಿಲ್ಲ. ಮನೆಯೊಳಗಿನ ಸಿಗರೇಟು ಹೊಗೆಯೂ ಮಕ್ಕಳ ಕಿವಿಯಲ್ಲಿ ದ್ರವ ಕಟ್ಟಿಕೊಳ್ಳುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂದು ಅಂದೇ ವೈದ್ಯರು ತಿಳಿಸಿದರು. ಹೆರಿಗೆಯಾದ ಮೂರನೆಯ ತಿಂಗಳಿಗೇ ನಾನು ಮತ್ತೆ ಶುರುಮಾಡಿದ್ದೆ. ಹೊಟ್ಟೆಯಲ್ಲಿದ್ದಾಗ ಸೇದಿದ್ದಕ್ಕೆ ಕಣ್ಣೀರು ಹಾಕುತ್ತ, ಪಕ್ಕದ ಕೋಣೆಯಲ್ಲಿ ಕಿಟಕಿ ತೆರೆದುಕೊಂಡು ಸೇದುತ್ತಿದ್ದೆ. ಆದ್ದರಿಂದ ನಿಮಗೆ ನನ್ನ ಮೊದಲ ಮಾತು ಇಷ್ಟೇ: ಬೇರೆ ಏನನ್ನೂ ಯೋಚಿಸುವ ಮುಂಚೆ ಮಗಳ ಕಿವಿ ಪರೀಕ್ಷೆ ಮಾಡಿಸಿ.

ಒಬ್ಬ ಮಕ್ಕಳ ವೈದ್ಯೆ

ಮೇಲಿನವರು ಬರೆದದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ದೇಹಕ್ಕೆ ಆಗುವುದನ್ನೂ ಬುದ್ಧಿ, ನಡವಳಿಕೆಗಳಿಗೆ ಆಗುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದಷ್ಟೇ ಸೇರಿಸುತ್ತೇನೆ, ಏಕೆಂದರೆ ಎರಡರ ಹಿಂದಿನ ಪುರಾವೆ ಒಂದೇ ಸಮ ಗಟ್ಟಿಯಾಗಿಲ್ಲ.

ದೇಹದ ಮಟ್ಟಿಗೆ ಅನುಮಾನಕ್ಕೆ ಎಡೆಯಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ; ನಿಕೋಟಿನ್ ಮಾಸಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುವುದಲ್ಲದೆ ಮಾಸನ್ನು ದಾಟಿ ಮಗುವಿನ ಮಿದುಳನ್ನೂ ಶ್ವಾಸಕೋಶವನ್ನೂ ತಲುಪುತ್ತದೆ. ಅವಧಿಗೆ ಮುಂಚಿನ ಹೆರಿಗೆ ಸಿಗರೇಟು ಸೇದುವವರಲ್ಲಿ ಹೆಚ್ಚೆಂದು ಅಮೆರಿಕದ ಸಿಂಪ್ಸನ್ 1957ರಲ್ಲೇ ವರದಿ ಮಾಡಿದ್ದರು. ಗರ್ಭಾವಸ್ಥೆಯುದ್ದಕ್ಕೂ ಸೇದಿದವರ ಮಕ್ಕಳು ಹುಟ್ಟುವಾಗ ಸರಾಸರಿ ಸುಮಾರು 200 ಗ್ರಾಂ ಕಡಿಮೆ ತೂಗುತ್ತಾರೆ. ಹೆಚ್ಚಿನ ಮಕ್ಕಳು ಈ ತೂಕವನ್ನು ಆಮೇಲೆ ತುಂಬಿಕೊಳ್ಳುತ್ತಾರೆ, ಕೆಲವರು ಅಗತ್ಯಕ್ಕಿಂತ ಹೆಚ್ಚೇ ತುಂಬಿಕೊಳ್ಳುತ್ತಾರೆ. ಶಾಲೆಯ ವಯಸ್ಸಿನಲ್ಲಿ ಅತಿತೂಕ ಈ ಮಕ್ಕಳಲ್ಲಿ ತುಸು ಹೆಚ್ಚಾಗಿ ಕಾಣುವುದರಿಂದ ತೂಕದ ಪಟ್ಟಿಯನ್ನು ಮುಂದುವರಿಸಿಕೊಂಡು ಹೋಗಿ. ಇದಕ್ಕಿಂತ ಮುಖ್ಯವಾದದ್ದು ಶ್ವಾಸಕೋಶ. ಉಸಿರಿನ ಕೊಳವೆಗಳು ಕವಲೊಡೆದು ರೂಪುಗೊಳ್ಳುವುದು ಗರ್ಭದಲ್ಲೇ ಆದ್ದರಿಂದ ಅಲ್ಲಿ ಆದ ಕೊರತೆ ಜೊತೆಯಲ್ಲೇ ಬೆಳೆಯುತ್ತದೆ. ಶೀತವಾದಾಗಲೆಲ್ಲ ಸುಯ್‌ಗುಟ್ಟುವ ಎದೆ ಮತ್ತು ಉಬ್ಬಸ ಈ ಮಕ್ಕಳಲ್ಲಿ ಹೆಚ್ಚು. ನಿಮ್ಮ ಮಗಳ ವೈದ್ಯರಿಗೆ ಸಿಗರೇಟಿನ ಸಂಗತಿ ಗೊತ್ತಿದ್ದರೆ, ಪ್ರತಿ ಸಲವೂ ಅದನ್ನು ಬರೀ ಶೀತವೆಂದು ಬಗೆದು ಔಷಧ ಬರೆಯುವ ಬದಲು, ಮರುಕಳಿಸುವ ಉಬ್ಬಸವೆಂದು ನೋಡಿ ಇನ್ಹೇಲರ್ ಬೇಕೇ ಎಂದು ಯೋಚಿಸುವ ಸಾಧ್ಯತೆ ಇದೆ. ಹೇಳುವುದರ ಪ್ರಯೋಜನ ಇರುವುದೇ ಇಲ್ಲಿ.

ಬುದ್ಧಿ ಮತ್ತು ನಡವಳಿಕೆಯ ಸಂಗತಿ ಹೆಚ್ಚು ತೊಡಕಿನದು. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ ಆಧಾರದಲ್ಲಿ ಬಟ್ಲರ್ ಮತ್ತು ಗೋಲ್ಡ್‌ಸ್ಟೈನ್ 1973ರಲ್ಲಿ ಬರೆದ ಪ್ರಕಾರ, ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದಿದ ತಾಯಂದಿರ ಮಕ್ಕಳು 7 ಮತ್ತು 11ನೆಯ ವಯಸ್ಸಿನಲ್ಲಿ ಸರಾಸರಿ 1 ಸೆಂಟಿಮೀಟರ್ ಗಿಡ್ಡವಾಗಿದ್ದರು, ಓದು, ಗಣಿತಗಳಲ್ಲಿ 3ರಿಂದ 5 ತಿಂಗಳು ಹಿಂದಿದ್ದರು. ಈ ಅಂಕಿ ಕಂಡು ಎದೆಗುಂದುವ ಮುಂಚೆ, ಇದು ಸಾವಿರಾರು ಮಕ್ಕಳ ಸರಾಸರಿಯೇ ಹೊರತು ಯಾವೊಂದು ಮಗುವಿನ ಹಣೆಬರಹವಲ್ಲ ಎಂಬುದನ್ನು ನೆನಪಿಡಿ. ಜೊತೆಗೆ, ಸೇದುವ ತಾಯಂದಿರ ಓದು, ಆದಾಯ, ಒತ್ತಡಗಳೂ ಸೇದದವರಿಗಿಂತ ಬೇರೆಯಾಗಿರುತ್ತವೆ. ತಾಯಿಯ ವಿದ್ಯಾಭ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡ ನಂತರದ ಅಧ್ಯಯನಗಳಲ್ಲಿ ಬುದ್ಧಿಮತ್ತೆಯ ಅಂತರ ಬಹುಪಾಲು ಕರಗಿಹೋಯಿತು. ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಯದೂ ಇದೇ ಕಥೆ. ಸೇದಿದವರ ಮಕ್ಕಳಲ್ಲಿ ಅದು ಹೆಚ್ಚು ಕಾಣುತ್ತದೆ, ನಿಜ. ಆದರೆ ಒಂದು ಬಸಿರಿನಲ್ಲಿ ಸೇದಿ ಇನ್ನೊಂದರಲ್ಲಿ ಬಿಟ್ಟ ತಾಯಿಯ ಇಬ್ಬರು ಮಕ್ಕಳನ್ನು ಹೋಲಿಸಿದ ಸ್ವೀಡನ್ನಿನ ಅಧ್ಯಯನಗಳಲ್ಲಿ ಆ ವ್ಯತ್ಯಾಸ ತೀರಾ ಕಿರಿದಾಯಿತು. ಅಂದರೆ ಅದರ ದೊಡ್ಡ ಪಾಲು ಕುಟುಂಬದಲ್ಲೇ ಹರಿದು ಬಂದದ್ದು. ಹುಟ್ಟುತೂಕದ ಕೊರತೆ ಮಾತ್ರ ಇಂಥ ಹೋಲಿಕೆಗಳಲ್ಲಿಯೂ ಅಳಿಸಿಹೋಗುವುದಿಲ್ಲ.

ಹೀಗಾಗಿ ಮಾತಿನ ತಡವನ್ನು ಸಿಗರೇಟಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಮೂರು ವರ್ಷದ ಮಗು ಎರಡು ಪದ ಕೂಡಿಸಲು ಈಗಷ್ಟೇ ಕಲಿತಿದ್ದರೆ, ಕಾರಣ ಏನೇ ಇರಲಿ, ಶ್ರವಣ ಪರೀಕ್ಷೆ ಮತ್ತು ವಾಕ್ ಚಿಕಿತ್ಸಕರ ಭೇಟಿ ಈಗಲೇ ಆಗಬೇಕು.

ಇಬ್ಬರು ಮಕ್ಕಳ ತಂದೆ

ನಾವು ಗಂಡಸರು ಇಂಥ ಚರ್ಚೆಗಳಲ್ಲಿ ಸುಮ್ಮನಿರುವುದೇ ಹೆಚ್ಚು, ಆದ್ದರಿಂದ ನಾಲ್ಕು ಸಾಲು. ನನ್ನ ಹೆಂಡತಿ ಎಂದೂ ಸೇದಿದವಳಲ್ಲ, ಸೇದುತ್ತಿದ್ದವನು ನಾನು. ಅವಳ ಬಸಿರಿನ ತಪಾಸಣೆಯ ವೇಳೆ ಉಸಿರಿನಲ್ಲಿರುವ ಕಾರ್ಬನ್ ಮೋನಾಕ್ಸೈಡ್ ಅಳೆಯುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಕ್ಕೆ ಇಬ್ಬರಿಂದಲೂ ಊದಿಸಿದರು. ನನ್ನ ಸರದಿಯಲ್ಲಿ ಅಂಕಿ ಏರುತ್ತಲೇ ಹೋಗಿ ಕೆಂಪು ದೀಪ ಹತ್ತಿತು. ಹತ್ತು ನಿಮಿಷದ ಹಿಂದಷ್ಟೇ ಕೆಳಗೆ ನಿಂತು ಸೇದಿ ಬಂದಿದ್ದೆ. ಅವಳು ಏನೂ ಅನ್ನಲಿಲ್ಲ. ಬಸುರಿಯನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿ ಮನೆಯ ಉಳಿದವರು ಸೇದುತ್ತಿರುವುದು ಅನ್ಯಾಯವೆಂಬುದು ನನ್ನ ಅಭಿಪ್ರಾಯ.

ಎರಡನೆಯ ಬಸಿರಿನಲ್ಲಿ ಬಿಟ್ಟವರು

ಮತ್ತೊಂದು ಮಗುವಿನ ಯೋಚನೆ ನಿಮಗಿದ್ದರೆ ಇದು ಉಪಯೋಗಕ್ಕೆ ಬರಬಹುದು. "ಕಡಿಮೆ ಮಾಡಿದ್ದೇನಲ್ಲ" ಎಂಬ ಸಮಾಧಾನ ಮೊದಲ ಸಲ ನನ್ನನ್ನು ಮೋಸಗೊಳಿಸಿತ್ತು. ಎಂಟರಿಂದ ಮೂರಕ್ಕೆ ಇಳಿಸಿದಾಗ ಆ ಮೂರನ್ನೂ ಬುಡದವರೆಗೆ, ದೀರ್ಘವಾಗಿ ಎಳೆಯುತ್ತಿದ್ದೆ. ಹೀಗಾದಾಗ ಒಳಗೆ ಹೋಗುವ ವಿಷ ನಾವೆಣಿಸಿದಷ್ಟು ಇಳಿಯುವುದಿಲ್ಲ. 15 ವಾರಕ್ಕೆ ಮುಂಚೆ ಪೂರ್ತಿ ಬಿಟ್ಟವರಲ್ಲಿ ಅವಧಿಪೂರ್ವ ಹೆರಿಗೆಯಾಗಲಿ, ಗರ್ಭದಲ್ಲಿ ಸೊರಗಿದ ಮಗುವಾಗಲಿ, ಸೇದದವರಿಗಿಂತ ಹೆಚ್ಚಾಗಿ ಕಂಡುಬರಲಿಲ್ಲವೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ತೋರಿಸಿ ನನ್ನ ವೈದ್ಯರು ಎರಡನೆಯ ಸಲ ಸಿಗರೇಟು ಬಿಡುವ ದಿನ ನಿಗದಿ ಮಾಡಿಸಿದರು. ಅದಕ್ಕಿಂತ ತಡವಾಗಿ ಬಿಟ್ಟರೂ ಮಗುವಿಗೆ ಲಾಭವೇ. ಒಮ್ಮೆಲೇ ಬಿಟ್ಟರೆ ಮಗುವಿಗೆ ಆಘಾತವಾಗುತ್ತದೆ ಎಂದು ಹೆದರಿಸುವವರು ನನಗೂ ಸಿಕ್ಕಿದ್ದರು, ಅದರಲ್ಲಿ ಹುರುಳಿಲ್ಲ. ನನಗೆ ಕಷ್ಟವಾದದ್ದು ಹೆರಿಗೆಯ ನಂತರ: ನಿದ್ದೆಗೆಟ್ಟ ನಾಲ್ಕನೆಯ ವಾರ, ನಡುರಾತ್ರಿ, ಹಳೆಯ ಕೋಟಿನ ಜೇಬಿನಲ್ಲಿ ಮರೆತಿದ್ದ ಒಂದೇ ಒಂದು ಸಿಗರೇಟು. ಹಸುಗೂಸು ಇರುವ ಮನೆಯಲ್ಲಿ ಹೊಗೆ ನಿದ್ದೆಯಲ್ಲಿನ ಹಠಾತ್ ಶಿಶುಮರಣದ ಅಪಾಯವನ್ನು ಹೆಚ್ಚಿಸುತ್ತದೆಂಬುದು ತಲೆಯಲ್ಲಿದ್ದುದರಿಂದ ಅದನ್ನು ನಲ್ಲಿಯ ಕೆಳಗೆ ಹಿಡಿದೆ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ಎಲ್ಲರಿಗೂ ಧನ್ಯವಾದ. ಮೊನ್ನೆ ಮಗಳ ವೈದ್ಯರಿಗೆ ಹೇಳಿದೆ. ಹೇಳಬೇಕಾದದ್ದನ್ನು ಎದುರಿಗೆ ಹೇಳಲಾಗದೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅದನ್ನೇ ಕೈಗಿತ್ತೆ. ಅವರು ಓದಿ, ದಿನಕ್ಕೆ ಎಷ್ಟು, ಯಾವ ತಿಂಗಳವರೆಗೆ ಎಂದು ಕೇಳಿ, ಕಡತದಲ್ಲಿ ಒಂದು ಸಾಲು ಬರೆದುಕೊಂಡರು. ಅಷ್ಟಕ್ಕಾಗಿ ನಾನು ಮೂರು ವರ್ಷ ಹೆದರಿದ್ದೆ. ಆಮೇಲೆ ಈಗ ಮನೆಯಲ್ಲಿ ಯಾರು ಸೇದುತ್ತಾರೆ ಎಂದರು. ಯಾರೂ ಇಲ್ಲ ಎನ್ನಲು ಹೊರಟವಳಿಗೆ, ಮಗಳನ್ನು ದಿನಾ ಕಾರಿನಲ್ಲಿ ಕರೆತರುವ ನಮ್ಮ ಮಾವನವರು ನೆನಪಾದರು. ಅವರಿಗೆ ಇವತ್ತು ಸಂಜೆ ನನ್ನ ಯಜಮಾನರೇ ಹೇಳುತ್ತಾರಂತೆ. ಕಿವಿ ಪರೀಕ್ಷೆ ಬರುವ ಗುರುವಾರ.