ಲ್ಯಾಪ್‌ಟಾಪಿನ ತಲೆ ಸವೆದ ಸ್ಕ್ರೂ ತೆಗೆಯುವುದು ಹೇಗೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಮಗಳ ಹಳೆಯ ಲ್ಯಾಪ್‌ಟಾಪಿನ ಫ್ಯಾನಿನಲ್ಲಿ ತುಂಬಿದ ಧೂಳನ್ನು ತೆಗೆಯಲೆಂದು ತಳದ ಮುಚ್ಚಳ ಬಿಚ್ಚಲು ಕುಳಿತೆ. ಹನ್ನೊಂದು ಸ್ಕ್ರೂಗಳ ಪೈಕಿ ಹತ್ತು ಸಲೀಸಾಗಿ ಬಂದವು; ಹಿಂಜ್ ಪಕ್ಕದ ಒಂದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮನೆಯಲ್ಲಿದ್ದ ಸ್ಕ್ರೂಡ್ರೈವರಿನಿಂದಲೇ ಹಟ ಹಿಡಿದು ತಿರುವಿದ್ದರಿಂದ ಅದರ ಪ್ಲಸ್ ಗುರುತಿನ ಕಚ್ಚು ಸವೆದು ದುಂಡನೆಯ ಗುಳಿಯಾಗಿದೆ. ಮುಚ್ಚಳವನ್ನೇ ಒಡೆದು ಹೊಸದು ಹಾಕಬೇಕೆಂದು ಅಂಗಡಿಯವರೊಬ್ಬರು ಹೇಳಿದರು. ಬೇರೆ ದಾರಿ ಇದೆಯೇ?

ಉತ್ತರ 1 (ಚಿತ್ರದುರ್ಗ)

ಸರ್, ಇನ್ನು ಒಂದು ಸುತ್ತೂ ತಿರುಗಿಸಬೇಡಿ, ಉಳಿದಿರುವ ಅಂಚೇ ನಿಮ್ಮ ಬಂಡವಾಳ. ನಾನು ಇದೇ ಕೆಲಸದಲ್ಲಿದ್ದೇನೆ. ಹೀಗೆ ಕೆಟ್ಟು ಬರುವ ಸ್ಕ್ರೂಗಳಲ್ಲಿ ಹೆಚ್ಚಿನವು ಅಳತೆಗೆ ಚಿಕ್ಕದಾದ ಬಿಟ್ಟಿನಿಂದ, ಅಂದರೆ ಸ್ಕ್ರೂಡ್ರೈವರಿನ ತುದಿಯಿಂದ, ಹಾಳಾದವು. ಈ ಸ್ಕ್ರೂಗಳು ಸಾಮಾನ್ಯವಾಗಿ 2 ಅಥವಾ 2.5 ಮಿ.ಮೀ. ದಪ್ಪದವು. ಪಿಎಚ್‌0 ಅಳತೆಯ ಪ್ಲಸ್ ಬಿಟ್ ಕೂರುವ ಕಡೆ ಅದಕ್ಕಿಂತ ಸಣ್ಣದಾದ ಪಿಎಚ್‌00 ಹಾಕಿದರೆ ಅದು ಕಚ್ಚಿನ ತುಂಬ ಕೂರದೆ ಅಂಚನ್ನೇ ಕೆರೆಯುತ್ತದೆ.

ಒಡೆದ ಬಲೂನಿನ ತುಂಡನ್ನು ಗುಳಿಯ ಮೇಲಿಟ್ಟು, ಸರಿಯಾದ ಬಿಟ್ಟನ್ನು ನೆಟ್ಟಗೆ ಹಿಡಿದು, ಬಲದಲ್ಲಿ ಏಳು ಪಾಲು ಒತ್ತುವುದಕ್ಕೂ ಮೂರು ಪಾಲು ತಿರುಗಿಸುವುದಕ್ಕೂ ಬಳಸಿ. ಈಗಾಗಲೇ ಬಂದಿರುವ ಸ್ಕ್ರೂಗಳ ಥ್ರೆಡ್ಡಿನಲ್ಲಿ ನೀಲಿ ಲೇಪ ಕಾಣುತ್ತಿದೆಯೇ ನೋಡಿ. ಅದು ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಗೆ ಕೆಲವೇ ಸೆಕೆಂಡು ಮುಟ್ಟಿಸಿದರೆ ಅದು ಮೆತ್ತಗಾಗುತ್ತದೆ. ಹೆಚ್ಚು ಹೊತ್ತು ಇಡಬಾರದು. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ, ಅದರೊಳಗೆ ಹುದುಗಿರುವ, ಸ್ಕ್ರೂ ಕೂರುವ ಹಿತ್ತಾಳೆಯ ನಟ್ಟು ಕಿತ್ತುಬಂದರೆ ಸ್ಕ್ರೂ ಅದರ ಜೊತೆಗೇ ಸುಮ್ಮನೆ ಸುತ್ತುತ್ತಿರುತ್ತದೆ.

ಉತ್ತರ 2 (ಹರಿಹರ)

ಅಕ್ಕಸಾಲಿಗರ ಸಣ್ಣ ಗರಗಸದಿಂದ ತಲೆಯ ಮೇಲೆ ಒಂದು ಗೀರು ಕೊರೆದು, ಚಪ್ಪಟೆ ಸ್ಕ್ರೂಡ್ರೈವರಿನಿಂದ ನಾನು ತೆಗೆದಿದ್ದೇನೆ.

ಉತ್ತರ 1, ಮತ್ತೆ

ತಲೆ ಮೇಲೆದ್ದಿದ್ದರೆ ಅದು ಒಳ್ಳೆಯ ಉಪಾಯವೇ, ಆದರೆ ಗುಂಡಿಯೊಳಗೆ ಕುಳಿತ ಸ್ಕ್ರೂವಿಗೆ ಗರಗಸ ತಾಗುವುದಿಲ್ಲ. ಮೇಲಾಗಿ ಬ್ಯಾಟರಿ ಒಳಗೇ ಇರುವ ಲ್ಯಾಪ್‌ಟಾಪಾದರೆ ಮುಚ್ಚಳ ತೆರೆಯದೆ ಅದರ ಸಂಪರ್ಕ ತಪ್ಪಿಸಲಾಗದು, ಲೋಹದ ಪುಡಿ ಒಳಗೆ ಬಿದ್ದರೆ ಬೋರ್ಡು ಶಾರ್ಟ್ ಆಗಬಹುದು. ಕೊರೆಯಲೇಬೇಕಾದರೆ ಸುತ್ತಲೂ ಸ್ವಲ್ಪ ಗ್ರೀಸ್ ಸವರಿ, ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ. ಸೂಪರ್ ಗ್ಲೂ ಹಾಕಿ ಬಿಟ್ಟನ್ನು ಅಂಟಿಸುವ ಸಲಹೆಯನ್ನಂತೂ ಕೇಳಲೇಬೇಡಿ. ಅದು ಥ್ರೆಡ್ಡಿಗೆ ಇಳಿದರೆ ಸ್ಕ್ರೂ ಅಲ್ಲೇ ಬೇರು ಬಿಡುತ್ತದೆ.

ಪ್ರಶ್ನೆ ಕೇಳಿದವರು

ನೀಲಿ ಲೇಪ ಇದ್ದದ್ದು ನಿಜ. ಬಲೂನಿನ ತುಂಡು ಎರಡು ಸಲ ಹರಿಯಿತು. ಬಿಸಿ ಮುಟ್ಟಿಸಿ ಮೂರನೆಯ ಸಲ ಒತ್ತಿದಾಗ ಟಕ್ಕೆಂದು ಸಡಿಲಾಯಿತು. ಬದಲಿಗೆ ಯಾವುದೇ 2 ಮಿ.ಮೀ. ಸ್ಕ್ರೂ ಹಾಕಬಹುದೇ?

ಉತ್ತರ 1

ದಪ್ಪ ಮತ್ತು ಥ್ರೆಡ್ಡಿನ ಜೊತೆ ಉದ್ದವೂ ಹಳೆಯದಕ್ಕೆ ಸಮನಾಗಿರಬೇಕು. ಒಂದೆರಡು ಮಿ.ಮೀ. ಹೆಚ್ಚಾದರೂ ಅದರ ತುದಿ ಕೀಬೋರ್ಡಿನ ಕಡೆ ಉಬ್ಬುವುದುಂಟು, ಬೋರ್ಡಿಗೆ ತಾಗುವುದೂ ಉಂಟು. ಹಳೆಯದನ್ನೇ ಅಂಗಡಿಗೆ ಒಯ್ದು ಪಕ್ಕಪಕ್ಕ ಇಟ್ಟು ನೋಡಿ ಕೊಳ್ಳಿ.